ಮತ್ಸ್ಯಕನ್ಯೆಯ ಪ್ರೇಮಕಥೆ ಬರೆಯುವ ಮೊದಲು ನೀರಿನ ಗುಣ ತಿಳಿದುಕೊಳ್ಳಿ

ಹದಿಹರೆಯದವರಿಗಾಗಿ ಮತ್ಸ್ಯಕನ್ಯೆಯ ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಅವಳ ಕೂದಲು, ಕಣ್ಣು, ಬಾಲದ ಬಣ್ಣದಿಂದ ಶುರು ಮಾಡುತ್ತಾರೆ. ಅದೆಲ್ಲ ಆಮೇಲಾದರೂ ಆಗುತ್ತದೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಅವಳು ಉಸಿರಾಡುವುದು ಹೇಗೆ?

ಕಿವಿರು ಇದ್ದರೆ ಅವಳು ಮೀನಿನ ಕಡೆಯವಳು. ನೀರಿನಿಂದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ದಡದಲ್ಲಿ ಪ್ರೀತಿಸಿದ ಹುಡುಗನ ಜೊತೆ ಮಾತಾಡುವ ಒಂದೊಂದು ನಿಮಿಷವೂ ಅವಳಿಗೆ ಕಷ್ಟ. ಶ್ವಾಸಕೋಶ ಇದ್ದರೆ ಡಾಲ್ಫಿನ್, ತಿಮಿಂಗಿಲಗಳ ಕಡೆಯವಳು. ಆಗ ಆಗಾಗ ಮೇಲೆ ಬರಲೇಬೇಕು. ಅವರಿಬ್ಬರ ಭೇಟಿಗೆ ಬಿರುಗಾಳಿ, ಹಡಗು ಒಡೆಯುವುದು ಏನೂ ಬೇಕಾಗಿಲ್ಲ. ಬಾಲವೂ ಇದಕ್ಕೆ ಹೊಂದಬೇಕು. ಮೀನು ಬಾಲವನ್ನು ಅಕ್ಕಪಕ್ಕಕ್ಕೆ ಬೀಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ ಬೀಸುತ್ತದೆ.

ನಾನು ಬರೆಯುತ್ತಿರುವ ಕಥೆಯಲ್ಲಿ ಶ್ವಾಸಕೋಶವನ್ನೇ ಇಟ್ಟುಕೊಂಡೆ. ಕಾರಣ, ನಿದ್ದೆ. ಡಾಲ್ಫಿನ್ ಮಲಗಿದಾಗ ಅದರ ಮೆದುಳಿನ ಅರ್ಧ ಭಾಗ ಮಾತ್ರ ನಿದ್ದೆ ಮಾಡುತ್ತದೆ. ಇನ್ನರ್ಧ ಎಚ್ಚರವಾಗಿದ್ದು ಉಸಿರಾಟ ನೋಡಿಕೊಳ್ಳುತ್ತದೆ. ಒಂದು ಕಣ್ಣು ತೆರೆದೇ ಇರುತ್ತದೆ. ನನ್ನ ನಾಯಕಿಯೂ ಹಾಗೇ. ಹುಟ್ಟಿದಾಗಿನಿಂದ ಎರಡೂ ಕಣ್ಣು ಮುಚ್ಚಿ ಮಲಗಿದವಳಲ್ಲ. ಒಂದು ರಾತ್ರಿ ಬಂಡೆಯ ಪಕ್ಕದಲ್ಲಿ ಹುಡುಗ, "ನಾನು ಎದ್ದಿರ್ತೀನಿ, ನೀನು ಮಲಗು" ಅನ್ನುತ್ತಾನೆ. ಅವಳು ಬಲಗಣ್ಣು ಮುಚ್ಚುತ್ತಾಳೆ. ಸುಮಾರು ಹೊತ್ತು ಅವನನ್ನೇ ನೋಡುತ್ತಾಳೆ. ಆಮೇಲೆ ಎಡಗಣ್ಣನ್ನೂ ಮುಚ್ಚುತ್ತಾಳೆ. ಆ ಅಧ್ಯಾಯದಲ್ಲಿ ಪ್ರೀತಿ ಅನ್ನುವ ಪದವೇ ಇಲ್ಲ, ಬೇಕಾಗಲೂ ಇಲ್ಲ.

ಇಂಥ ದೃಶ್ಯಗಳು ನೀರಿನ ಗುಣ ಗೊತ್ತಿದ್ದರೆ ತಾವಾಗೇ ಬರುತ್ತವೆ. ಹಾಗಾಗಿ ಒಂದು ನೋಟ್‌ಬುಕ್‌ನಲ್ಲಿ ಬೆಳಕು, ಸದ್ದು, ಚಳಿ, ಒತ್ತಡ ಅಂತ ಬರೆದುಕೊಂಡು, ಒಂದೊಂದರ ಕೆಳಗೂ ಅವರಿಬ್ಬರಿಗೆ ಅದರಿಂದ ಏನಾಗುತ್ತದೆ ಅಂತ ಯೋಚನೆ ಮಾಡಿ. ಸದ್ದನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್. ಅಷ್ಟು ವೇಗದಲ್ಲಿ ಬರುವ ಸದ್ದು ಯಾವ ದಿಕ್ಕಿನದು ಅಂತ ಮನುಷ್ಯರ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಅಂದರೆ ನೀರಿನೊಳಗೆ ಅವಳು ಕರೆದರೆ ಅವನಿಗೆ ಎಲ್ಲ ಕಡೆಯಿಂದಲೂ ಕೇಳಿಸುತ್ತದೆ, ಅವಳೆಲ್ಲಿದ್ದಾಳೆ ಅಂತ ಮಾತ್ರ ಗೊತ್ತಾಗುವುದಿಲ್ಲ. ಈಜುವವರ ಕನ್ನಡಕ ಹಾಕದೆ ಮುಳುಗಿದರೆ ಅವಳ ಮುಖವೂ ಅವನಿಗೆ ಮಸುಕು. ಅವಳಿಗೆ ಅವನು ಸ್ಪಷ್ಟವಾಗಿ ಕಾಣುತ್ತಾನೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾಣುವ ಭೇಟಿ ಎಷ್ಟು ಚೆನ್ನಾಗಿರುತ್ತದೆ ಅಲ್ವಾ?

ಬೆಳಕಿನದು ಇನ್ನೂ ಚೆಂದ. ನೀರಿಗೆ ಇಳಿದಂತೆ ಮೊದಲು ಮಾಯವಾಗುವುದು ಕೆಂಪು. 10 ಮೀಟರ್ ಇಳಿಯುವಷ್ಟರಲ್ಲಿ ಅದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 200 ಮೀಟರ್ ದಾಟಿದರೆ ಮಸುಕು ನೀಲಿ. 1000 ಮೀಟರ್‌ನ ಕೆಳಗೆ ಸೂರ್ಯನ ಬೆಳಕೇ ತಲುಪುವುದಿಲ್ಲ. ಇದನ್ನು ಇಟ್ಟುಕೊಂಡು ನಾನು ಬರೆದದ್ದು ಹೀಗಿದೆ:

"ಅವನು ಕೈಗೆ ಕಟ್ಟಿದ ದಾರ ಕಪ್ಪಗಿತ್ತು. 'ಕೆಂಪು ನಿನಗೆ ಒಪ್ಪುತ್ತೆ' ಅಂತ ಅವನು ದೋಣಿಯಿಂದ ಬಗ್ಗಿ ಹೇಳಿದ್ದ. ಕತ್ತಲಲ್ಲಿ ಕಟ್ಟಿದ್ದು, ನೋಡಲು ಆಗಿರಲಿಲ್ಲ. ಮನೆಗೆ ಹೋಗಿ ಅಕ್ಕನಿಗೆ ತೋರಿಸಿದೆ. 'ಕಪ್ಪು ದಾರ, ಅದರಲ್ಲೇನಿದೆ' ಅಂದಳು. ಬೆಳಗ್ಗೆ ಮೇಲೆ ಬಂದು ಕೈ ಎತ್ತಿದೆ. ಅಂಥ ಬಣ್ಣ ನಾನು ನೋಡಿಯೇ ಇರಲಿಲ್ಲ."

ಇದನ್ನು ಅವಳ ಬಾಯಲ್ಲೇ ಹೇಳಿಸಿದ್ದೇನೆ, ಗಮನಿಸಿ. ಈ ವಯಸ್ಸಿನ ಓದುಗರಿಗೆ 'ನಾನು' ಅಂತ ಹೇಳುವ ಕಥೆ ಬೇಗ ಹತ್ತಿರವಾಗುತ್ತದೆ. ಆದರೆ ಅವಳಿಗೆ ಗೊತ್ತಿಲ್ಲದ ಮಾತು ಅವಳ ಬಾಯಿಗೆ ಬರಬಾರದು. ಅವಳು ಬೆಂಕಿ ನೋಡಿಲ್ಲ, ಮೆಟ್ಟಿಲು ಹತ್ತಿಲ್ಲ. ನೀರಿನೊಳಗಿದ್ದಾಗ ಮಳೆ ಅವಳಿಗೆ ತಲೆಯ ಮೇಲಿನ ಸದ್ದು ಅಷ್ಟೇ. ನೀರಿನ ಕೆಳಗಿನಿಂದ ನೋಡಿದರೆ ಇಡೀ ಆಕಾಶ ಒಂದು ವೃತ್ತದೊಳಗೆ ಸೇರಿಕೊಂಡಂತೆ ಕಾಣುತ್ತದೆ, ಅದರ ಆಚೆ ನೀರಿನ ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ. ದಡದಲ್ಲಿ ನಿಂತವನು ಆ ವೃತ್ತದ ಅಂಚಿನಲ್ಲಿ ಕುಗ್ಗಿಕೊಂಡು ಕಾಣುತ್ತಾನೆ. ಅವಳು ಅವನನ್ನು ಮೊದಲು ನೋಡಿದ್ದು ಹಾಗೆ. ಸುಮ್ನೆ "ಎತ್ತರದ ಸುಂದರ ಯುವಕ" ಅಂತ ಬರೆದು ಅದನ್ನು ಹಾಳು ಮಾಡಬೇಡಿ.

ಮುತ್ತು ಕೊಟ್ಟು ಉಸಿರು ತುಂಬುವ ಉಪಾಯ ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲೆಲ್ಲ ಇರುತ್ತದೆ. ಅದನ್ನು ಕೈಬಿಡಿ ಅಂತ ಬೇಡಿಕೊಳ್ಳುತ್ತೇನೆ. ಒಂದು ಮುತ್ತಿನಿಂದ ಅವನು ಸಮುದ್ರದಡಿ ಓಡಾಡಬಹುದು ಅಂತಾದರೆ ಅವರಿಬ್ಬರ ನಡುವೆ ಅಡ್ಡಿಯೇ ಉಳಿಯುವುದಿಲ್ಲ. ಮುಂದಿನ ಇನ್ನೂರು ಪುಟ ಓದುಗರು ಯಾಕೆ ಕಾಯಬೇಕು? ಮಾಯೆ ಇರಲಿ, ಫ್ಯಾಂಟಸಿಗೆ ಅದು ಬೇಕೇ ಬೇಕು. ಆದರೆ ಅದಕ್ಕೆ ಬೆಲೆ ತೆರಬೇಕು, ತೆರುವುದು ಪುಟದ ಮೇಲೆ ಕಾಣಬೇಕು. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಮತ್ಸ್ಯಕನ್ಯೆ ಕಾಲಿಗಾಗಿ ದನಿ ಕೊಡುತ್ತಾಳೆ, ಇಡುವ ಒಂದೊಂದು ಹೆಜ್ಜೆಯೂ ಚಾಕುವಿನ ಮೇಲೆ ನಡೆದಂತೆ ನೋಯುತ್ತದೆ. ಆ ನೋವು ಒಂದು ಸಾಲಿನಲ್ಲಿ ಮುಗಿಯುವುದಿಲ್ಲ, ಅವಳು ಕುಣಿಯುವಾಗಲೂ ಜೊತೆಗಿರುತ್ತದೆ. ಅದನ್ನು ಕಲಿಯಿರಿ. ದನಿ ಕಳೆಯುವುದನ್ನು ಮಾತ್ರ ತೆಗೆದುಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪ್ರೇಮಕಥೆ ನಡೆಯುವುದು ಇಬ್ಬರ ಮಾತಿನಲ್ಲಿ. ಒಬ್ಬಳು ಮೂಕಿಯಾದರೆ ಇನ್ನೊಬ್ಬನಿಗೆ ಅವಳು ಬರೀ ನೋಡಲು ಚೆಂದ.

ಪ್ರೀತಿಸುವುದು ಬಿಟ್ಟು ಅವಳಿಗೆ ಬೇರೆ ಕೆಲಸವೂ ಇರಬೇಕು. ಥಾಯ್ಲೆಂಡಿನ ರಾಮಾಯಣವಾದ ರಾಮಕಿಯೆನ್‌ನಲ್ಲಿ ರಾವಣನ ಮಗಳೇ ಮತ್ಸ್ಯಕನ್ಯೆ. ಲಂಕೆಗೆ ಕಟ್ಟುತ್ತಿರುವ ಸೇತುವೆಯನ್ನು ಹಾಳು ಮಾಡುವುದು ಅವಳಿಗೆ ಅಪ್ಪ ಕೊಟ್ಟ ಕೆಲಸ. ಕಲ್ಲು ಹಾಕುವವನು ಹನುಮಂತ, ಹಾಕಿದ್ದನ್ನು ಎತ್ತಿಕೊಂಡು ಹೋಗುವವಳು ಅವಳು. ಅವನು ನೀರಿಗೆ ಹಾರಿ ಹಿಡಿಯಲು ಹೋದಾಗ ಇಬ್ಬರಿಗೂ ಪ್ರೀತಿಯಾಗುತ್ತದೆ. ಎಂಥ ಕಟ್ಟು ನೋಡಿ! ಅವಳು ಅವನನ್ನು ಪ್ರೀತಿಸಿದರೆ ಅಪ್ಪನ ಮಾತು ಮುರಿಯಬೇಕು. ನಿಮ್ಮ ಕಥೆಯಲ್ಲೂ ಅವಳು ಹೊರಗೆ ಬರುವುದರಿಂದ ಒಳಗಿನ ಯಾರಿಗೋ ನಿಜವಾದ ನಷ್ಟವಾಗಲಿ. ಹುಡುಗನಿಗೂ ಹಾಗೇ ಒಂದು ಹೊಣೆ ಕೊಡಿ.

ವಯಸ್ಸಿನ ವಿಷಯ. ಮುನ್ನೂರು ವರ್ಷದವಳು ಹದಿನೇಳರ ಹುಡುಗನನ್ನು ಪ್ರೀತಿಸುವುದು ಈ ಓದುಗರಿಗೆ ಬೇಡ. ಅವಳ ಜನ ಎಷ್ಟೇ ವರ್ಷ ಬದುಕಲಿ, ಅವಳೂ ಅವನ ವಯಸ್ಸಿನವಳೇ ಆಗಿರಲಿ. ಹಾಡಿ ಮರುಳು ಮಾಡುವ ಶಕ್ತಿ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅವನು ಬಂದದ್ದು ಹಾಡಿನ ಮಾಯೆಗೋ, ಮನಸ್ಸಿನಿಂದಲೋ ಅನ್ನುವ ಅನುಮಾನ ಅವಳನ್ನೇ ಕಾಡಲಿ. ಅವನ ಎದುರು ಅವಳು ಹಾಡುವುದನ್ನೇ ನಿಲ್ಲಿಸಬಹುದು.

ಮೊದಲ ಕರಡು ಮುಗಿದ ಮೇಲೆ ಹೀಗೆ ಮಾಡಿ. ಪ್ರತಿ ಪ್ರೇಮ ದೃಶ್ಯದಲ್ಲೂ ಬಾಲವನ್ನು ಅಳಿಸಿ, ಪಕ್ಕದ ಊರಿನ ಹುಡುಗಿ ಅಂತ ಅಂದುಕೊಂಡು ಓದಿ. ದೃಶ್ಯ ಹಾಗೇ ನಿಂತರೆ ಅಂಚಿನಲ್ಲಿ ಗುರುತು ಹಾಕಿ. ಉಸಿರು, ಸದ್ದು, ಬಣ್ಣ, ಚಳಿ ಇವುಗಳಲ್ಲಿ ಒಂದಾದರೂ ಅವರಿಬ್ಬರ ಮಾತನ್ನು, ನಡೆಯನ್ನು ಬದಲಿಸುವ ಹಾಗೆ ಅದನ್ನು ಮತ್ತೆ ಬರೆಯಿರಿ. ಮೊದಲ ಭೇಟಿಯಿಂದಲೇ ಶುರು ಮಾಡಿ, ಜಾಸ್ತಿ ಗುರುತು ಬೀಳುವುದು ಅಲ್ಲೇ.