ಜೈಲಲ್ಲಿರೋ ಹುಡುಗನಿಗೆ ಹುಷಾರಿಲ್ಲ ಅಂದ್ರೆ ಏನ್ ಮಾಡ್ಬೇಕು

ನಿಮ್ಮನೆ ಹುಡುಗ ಪರಪ್ಪನ ಅಗ್ರಹಾರದಲ್ಲಿದಾನೆ, ಕಿಡ್ನಿ ಪ್ರಾಬ್ಲಮ್ಮು, ಅದ್ರ ಮೇಲೆ ಡಿಪ್ರೆಶನ್ ಬೇರೆ ಅಂದ್ರೆ ಮೊದ್ಲು ಹಳೇ ರಿಪೋರ್ಟು, ಮಾತ್ರೆ ಚೀಟಿ ಎಲ್ಲಾ ಜೆರಾಕ್ಸ್ ಮಾಡ್ಸಿ ಜೈಲ್ ಡಾಕ್ಟರಿಗೊಂದು ವಕೀಲರಿಗೊಂದು ಸೆಟ್ ಕೊಡಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕೊಳ್ಳಿ, ಬಾಯ್ಮಾತು ಯಾರಿಗೂ ನೆನಪಿರಲ್ಲ. ವಕೀಲರಿಗೆ ದುಡ್ಡಿಲ್ವಾ? ಕಸ್ಟಡಿಯಲ್ಲಿರೋರಿಗೆ ಆದಾಯ ಎಷ್ಟಿದ್ರೂ ಕಾನೂನು ನೆರವು ಫ್ರೀ, 15100ಗೆ ಫೋನ್ ಮಾಡಿ. ಬೇಲ್ ಅರ್ಜಿಯಲ್ಲಿ ಕಾಯಿಲೆ ವಿಷ್ಯ ಬರೆಸ್ಲೇಬೇಕು, ಬಿಎನ್‌ಎಸ್‌ಎಸ್ ಅನ್ನೋ ಕ್ರಿಮಿನಲ್ ಕೇಸ್ ನಡೆಸೋ ಕಾನೂನಿನ 480ನೇ ಸೆಕ್ಷನ್ನಲ್ಲಿ ಕಾಯಿಲೆ ಇರೋರಿಗೆ ಬೇಲ್ ಕೊಡೋಕೆ ಅವಕಾಶ ಇದೆ (ಕೊಟ್ಟೇ ಕೊಡ್ತಾರೆ ಅಂತೇನಿಲ್ಲ). ಭೇಟಿಗೆ ಹೋದಾಗ ಬರೀ ಕೇಸ್ ಬಗ್ಗೆನೇ ಕೊರೀಬೇಡಿ, ನಿದ್ದೆ ಬರ್ತಿದ್ಯಾ, ಊಟ ಮಾಡ್ತಿದ್ದೀಯಾ ಕೇಳಿ. ಸಾಯೋ ಮಾತಾಡಿದ್ರೆ ಅವತ್ತೇ ಸೂಪರಿಂಟೆಂಡೆಂಟಿಗೆ ಬರೆದು ಕೊಡಿ, ಸೈಕಿಯಾಟ್ರಿಸ್ಟ್ ನೋಡ್ಲಿ ಅಂತ. ಹೊರಗೆ ಬಂದ್ಮೇಲೆ ನಿಮ್ಹಾನ್ಸ್ ಓಪಿಡಿಗೆ ಕರ್ಕೊಂಡು ಹೋಗಿ, ರಾತ್ರಿ ಹೊತ್ತು ಕಷ್ಟ ಆದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.