ಪರದೆ ಇಲ್ಲದ ಲ್ಯಾಪ್‌ಟಾಪ್ ಕಟ್ಟಿದ ನನ್ನ ಅನುಭವ

ಪರದೆ ಒಡೆದ ಲ್ಯಾಪ್‌ಟಾಪನ್ನು ಬಿಡಿಭಾಗಕ್ಕಲ್ಲದೆ ಬೇರಾವುದಕ್ಕೂ ಕೊಳ್ಳಬಾರದೆಂಬುದು ಬೆಳಗಾವಿಯ ರಿಪೇರಿ ಅಂಗಡಿಗಳಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಪರದೆಯನ್ನು ನೋಡಲಾಗದವರಿಗೆ ಅದು ಪೂರ್ಣ ಯಂತ್ರವೇ ಎಂದು ನಾನು ವಾದಿಸಿದಾಗ ಜೊತೆಗಾರರು ತಲೆಯಾಡಿಸಿ ಸುಮ್ಮನಾದರು. ಈಗ ಬೈಲಹೊಂಗಲ, ಸವದತ್ತಿ, ಗೋಕಾಕ ಕಡೆಯ ಮೂವತ್ತು ನಲವತ್ತು ಅಂಧ ವಿದ್ಯಾರ್ಥಿಗಳು ಮತ್ತು ನೌಕರರು ನಾನು ಕಟ್ಟಿಕೊಟ್ಟ ಯಂತ್ರಗಳಲ್ಲಿ ದಿನವೂ ಕೆಲಸ ಮಾಡುತ್ತಿದ್ದಾರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರಿಗಿಂತ ಹಳೆಯದಿರುವ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲವಾದ್ದರಿಂದ ಕಚೇರಿಗಳಿಂದ ಲಾಟುಗಟ್ಟಲೆ ಮಾಲು ಹೊರಬಿತ್ತು. ಪರದೆ ಹೋದದ್ದು ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಎಸ್‌ಎಸ್‌ಡಿ, ರ್‍ಯಾಮ್, ಬ್ಯಾಟರಿ ಸೇರಿ ಮತ್ತೆ ಮೂರೂವರೆ ಸಾವಿರ. ಆರೂವರೆ ಸಾವಿರಕ್ಕೆ ಕೊಡುತ್ತೇನೆ. ಹೊಸ ಪರದೆಗೆ ಹೋಗಬೇಕಾಗಿದ್ದ ಹಣದಲ್ಲಿ ಸ್ವಲ್ಪ ಭಾಗವನ್ನು ಒಳ್ಳೆಯ ಸ್ಪೀಕರಿಗೂ ಫ್ಯಾನಿಗೂ ಹಾಕುತ್ತೇನೆ, ಏಕೆಂದರೆ ಫ್ಯಾನು ಗರಗರ ಎಂದರೆ ಯಂತ್ರ ಬರಹವನ್ನು ಓದಿ ಹೇಳುವ ದನಿ ಕೇಳಿಸುವುದಿಲ್ಲ.

ಮೊದಲ ಕಂತಿನಲ್ಲಿ ಮುಚ್ಚಳವನ್ನೇ ಬಿಚ್ಚಿದಾಗ ವೈಫೈ ಸತ್ತಿತು. ಆಂಟೆನಾ ಇರುವುದು ಅದರೊಳಗೇ. ತಂತಿಗಳನ್ನು ಕೈಯೂರುವ ಭಾಗದ ಕೆಳಗೆ ಹಾಯಿಸಿದ ಮೇಲೆ ಸಿಗ್ನಲ್ ಮರಳಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಯಂತ್ರಕ್ಕೆ ಪರದೆ ಕಾಣದಿದ್ದರೆ ಕೆಲವು ಮಾದರಿಗಳಲ್ಲಿ, ವಿಂಡೋಸ್ ಬದಲು ನಾನು ಹಾಕುವ ಉಚಿತ ಕಾರ್ಯಾಚರಣೆ ವ್ಯವಸ್ಥೆ ಡೆಬಿಯನ್‌ನ ಡೆಸ್ಕ್‌ಟಾಪೇ ಏಳುತ್ತಿರಲಿಲ್ಲ, ಡೆಸ್ಕ್‌ಟಾಪ್ ಏಳದೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಓರ್ಕಾ ಮಾತನಾಡುತ್ತಿರಲಿಲ್ಲ. ಪರದೆ ಜೋಡಿಸಿದೆಯೆಂದು ಯಂತ್ರವನ್ನು ನಂಬಿಸುವ, ಇನ್ನೂರು ರೂಪಾಯಿಯ ಎಚ್‌ಡಿಎಂಐ ಡಮ್ಮಿ ಪ್ಲಗ್ ಹಾಕಿ ನೋಡಿದೆ. ಹೊರಗೆ ಚಾಚಿಕೊಂಡಿದ್ದರಿಂದ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದೊಳಗೇ ಮುರಿಯಿತು, ಎರಡು ಕಡೆ ಪೋರ್ಟನ್ನೂ ಕಿತ್ತುಕೊಂಡು ಹೋಯಿತು. ಕೊನೆಗೆ ಬೂಟ್ ಆಗುವಾಗಲೇ ಪರದೆ ಇದೆಯೆಂದು ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಹೇಳುವ ಒಂದು ಆಜ್ಞೆಯ ಸಾಲಿನಿಂದ ಕೆಲಸ ಆಯಿತು. ಯಾವ ಮಾದರಿಗೆ ಯಾವ ಸಾಲು ಎಂಬ ಪಟ್ಟಿ ತಿಂಗಳುಗಟ್ಟಲೆ ದುಡಿದು ಮಾಡಿದ್ದು, ಅದು ನನ್ನ ಬಳಿಯೇ ಇರಲಿ.

ಡೆಬಿಯನ್ ಆರಿಸಿದ್ದಕ್ಕೆ ಕಾರಣವಿದೆ. ಅದರ ಇನ್‌ಸ್ಟಾಲರ್ ಬೀಪ್ ಮಾಡಿದಾಗ ಎಸ್ ಮತ್ತು ಎಂಟರ್ ಒತ್ತಿದರೆ ಮಾತನಾಡತೊಡಗುತ್ತದೆ. ಯಂತ್ರ ಕೈಕೊಟ್ಟರೆ ಕೊಂಡವರು ನನ್ನನ್ನು ಕಾಯದೆ ತಾವೇ ಮತ್ತೆ ಹಾಕಿಕೊಳ್ಳಬಹುದು. ಬರಹವನ್ನು ಮಾತಾಗಿಸುವ ಇಸ್ಪೀಕ್ ಎನ್‌ಜಿಯ ಕನ್ನಡ ದನಿ ಲೋಹದಂತಿದೆ ಎಂದು ಕಣ್ಣಿರುವವರೇ ದೂರುತ್ತಾರೆ. ಬಳಸುವವರು ಅದನ್ನು ನನಗೆ ಒಂದಕ್ಷರವೂ ತಿಳಿಯದ ವೇಗಕ್ಕೆ ಏರಿಸಿಕೊಂಡು ಸಲೀಸಾಗಿ ಕೇಳುತ್ತಾರೆ. ಆದರೆ ವಿದ್ಯುತ್ ಉಳಿಸಲೆಂದು ಸೌಂಡ್ ಚಿಪ್ ನಿದ್ದೆಗೆ ಜಾರುವ ಯಂತ್ರಗಳಲ್ಲಿ ಪ್ರತಿ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ‘ಉಳಿಸು’ ಮತ್ತು ‘ಅಳಿಸು’ ಎರಡೂ ‘ಳಿಸು’ ಎಂದೇ ಕೇಳಿದರೆ ಪರೀಕ್ಷೆಗೆ ಓದುವವನ ಟಿಪ್ಪಣಿಗಳ ಗತಿ ಏನಾಗಬಹುದು! ಆ ಉಳಿತಾಯವನ್ನು ಸೊನ್ನೆಗೆ ಇಳಿಸಿಯೇ ಯಂತ್ರವನ್ನು ಕೈಗೆ ಕೊಡಬೇಕು. ಬ್ಯಾಟರಿ ತುಸು ಬೇಗ ಇಳಿದರೂ ಚಿಂತೆಯಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಇನ್ನೂ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುವ ಹಳೆಯ ನುಡಿ ಫಾಂಟಿನಲ್ಲಿ ಹರಿದಾಡುವುದರಿಂದ ಓರ್ಕಾ ಅವನ್ನು ಇಂಗ್ಲಿಷ್ ಅಕ್ಷರಗಳ ಚೂರುಗಳಾಗಿ ಓದುತ್ತದೆ. ಕನ್ನಡಕ್ಕೆ ಅದರದೇ ಸಂಕೇತಗಳಿರುವ ಯೂನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಒಂದೇ ಶಾರ್ಟ್‌ಕಟ್ ಕೀಲಿಗೆ ಕಟ್ಟಿದ ಮೇಲೆ ನನ್ನ ಯಂತ್ರಗಳಿಗೆ ಬೇಡಿಕೆ ಹೆಚ್ಚಿತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ನಡುವೆ, ಕೈ ನಡುಗುವ ಹುಡುಗನೊಬ್ಬನಿಗಾಗಿ ಬೇರೊಂದು ಪ್ರಯೋಗ ಮಾಡಿದೆ. ಕೀಲಿಯನ್ನು ತುಸು ಹೊತ್ತು ಒತ್ತಿಹಿಡಿದರೆ ಮಾತ್ರ ಒಪ್ಪುವ ಸ್ಲೋ ಕೀಸ್, ಜೊತೆಯಾಗಿ ಒತ್ತಬೇಕಾದ ಕೀಲಿಗಳನ್ನು ಒಂದೊಂದಾಗಿ ಒತ್ತಲು ಬಿಡುವ ಸ್ಟಿಕಿ ಕೀಸ್ ಎರಡನ್ನೂ ಹಾಕಿದರೂ ಅವನ ಬೆರಳು ಪಕ್ಕದ ಕೀಲಿಗೆ ಜಾರುತ್ತಿತ್ತು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ವರ್ಕ್‌ಶಾಪೊಂದರಲ್ಲಿ ಕೀಲಿಗೊಂದು ತೂತಿರುವ ಅಕ್ರಿಲಿಕ್ ಹಾಳೆಯನ್ನು ಲೇಸರಿನಿಂದ ಕತ್ತರಿಸಿ ಮಾಡಿಸಿದೆ. ಮೂರು ಮಿಲಿಮೀಟರಿನ ಹಾಳೆಯಲ್ಲಿ ಬೆರಳು ಕೀಲಿಯ ತಳ ಮುಟ್ಟಲಿಲ್ಲ, ಎರಡರದ್ದು ಸರಿಹೋಯಿತು. ಒಂದಕ್ಕೆ ಸುಮಾರು ನಾನೂರು ರೂಪಾಯಿ ಬಿದ್ದಿತು. ತೂತಿನ ಅಂಚನ್ನು ಮಾತ್ರ ಮರಳುಕಾಗದದಿಂದ ಕೈಯಲ್ಲೇ ಉಜ್ಜಬೇಕು, ಇಲ್ಲದಿದ್ದರೆ ಬೆರಳು ಗೀರುತ್ತದೆ.