ಮಕ್ಕಳ ಲಿವರ್ ಫೇಲಾದಾಗ ಕೊಟ್ಟ ಔಷಧಿ: ನನ್ನ ಅನುಭವ

ಸಿಂಧನೂರು ಕಡೆ ಮಕ್ಕಳ ಡಾಕ್ಟರ್ ನಾನು. ಭತ್ತದ ನಾಟಿ ಟೈಮಿನಾಗ ಒಂದಿನ ರಾತ್ರಿ ಹತ್ತರ ಮ್ಯಾಲ ಎರಡೂವರಿ ವರ್ಷದ ಹುಡುಗೀನ ಎತ್ಕೊಂಡು ಬಂದ್ರು, 10 ಕೆಜಿ ತೂಕ, ಮೂರು ದಿನದಿಂದ ಜ್ವರ, ಮುಂಜಾನಿಂದ ವಾಂತಿ, ಸಂಜಿಂದ ಅವ್ವನ್ನೂ ಗುರ್ತು ಹಿಡೀವಲ್ದು, ಬರೀ ಚೀರೋದು. ಕಣ್ಣು ಹಳದಿ ಆಗಿರ್ಲಿಲ್ಲ, ಅದಕ್ಕ ಎಲ್ರೂ ಜ್ವರ ತಲಿಗೇರೈತಿ ಅಂದ್ಕೊಂಡಿದ್ರು.

ಶುಗರ್ 38, ಭಾಳ ಕಡಿಮಿ. ಮೊದ್ಲು 10% ಡೆಕ್ಸ್‌ಟ್ರೋಸ್ (ಸಕ್ರಿ ನೀರು) 20 ಎಂಎಲ್ ಪುಶ್ ಮಾಡಿ ಡ್ರಿಪ್ ಹಚ್ಚಿದ್ವಿ. ಆಮ್ಯಾಲ ಏನೇನ್ ಕುಡಿಸೀಯವ್ವ ಅಂದೆ, ಆಕಿ ಚೀಲದಾಗಿಂದ ಎರಡು ಪ್ಯಾರಾಸಿಟಮಾಲ್ ಬಾಟ್ಲಿ ತೆಗ್ದು ಟೇಬಲ್ ಮ್ಯಾಲ ಇಟ್ಲು. ಒಂದು ಖಾಲಿ, 125ರದ್ದು, ಅಂದ್ರ 5 ಎಂಎಲ್‌ನ್ಯಾಗ 125 ಮಿಗ್ರಾಂ. ಇನ್ನೊಂದು 250ರದ್ದು. ಮೊದ್ಲು ಯಾರೋ 6 ಎಂಎಲ್ ಕೊಡು ಅಂದಿದ್ರು, ಅದು ಬರೋಬ್ಬರಿ ಡೋಸು. ಖಾಲಿ ಆದ ಮ್ಯಾಲ ಔಷಧಿ ಅಂಗಡಿಯಾಗ ಡಬಲ್ ಸ್ಟ್ರೆಂತ್ ಕೊಟ್ಟಾರ, ಒಂದ್ ಮಾತೂ ಹೇಳಿಲ್ಲ. ಆಕಿ ಅದೇ 6 ಎಂಎಲ್, ನಾಲ್ಕು ತಾಸಿಗೊಮ್ಮೆ, ನಿದ್ದಿ ಕೆಟ್ಟು ಕುಡಿಸ್ಯಾಳ. ದಿನಕ್ಕ 1800 ಮಿಗ್ರಾಂ ಆತು, ಅಂದ್ರ ಕೆಜಿಗೆ 180. 60 ದಾಟಬಾರದು, ಹೆಚ್ಚಾದ್ರ ಲಿವರ್‌ಗೆ ಪೆಟ್ಟು ಬೀಳ್ತೈತಿ. ಆ ತಾಯಿದು ಏನೇನೂ ತಪ್ಪಿಲ್ಲ, ಇದನ್ನ ಆಕಿಗೆ ಅವತ್ತೇ ಹೇಳ್ದೆ.

ರಕ್ತ ಹೆಪ್ಪುಗಟ್ಟೋದನ್ನ ಅಳೆಯೋ ಐಎನ್‌ಆರ್ 3.2 ಬಂತು, ಲಿವರ್‌ಗೆ ಪೆಟ್ಟು ಬಿದ್ರ ಏರೋ ಎಸ್‌ಜಿಪಿಟಿ ಆರು ಸಾವಿರದ ಮ್ಯಾಲ, ಎರಡೂ ಭಾಳ ಹೆಚ್ಚು. ನಾ ಏನೂ ಕಾಯ್ಲಿಲ್ಲ, ಪ್ಯಾರಾಸಿಟಮಾಲ್ ವಿಷಕ್ಕ ಕೊಡೋ ಮದ್ದು ಎನ್-ಅಸಿಟೈಲ್‌ಸಿಸ್ಟೀನ್ ಶುರು ಮಾಡ್ದೆ. ಆಂಪೂಲ್ ಒಡೆದ್ರ ಕೊಳೆತ ತತ್ತಿ ವಾಸ್ನಿ, ಹೊಸ ಸಿಸ್ಟರ್‌ಗಳು ಔಷಧಿ ಕೆಟ್ಟೈತಿ ಅಂತಾರ, ಇಲ್ರಿ, ಅದರಾಗ ಗಂಧಕ ಐತಿ, ಅದರ ವಾಸ್ನಿನೇ ಹಂಗ. ಮೊದಲ್ನೇ ಬ್ಯಾಗು ಕೆಜಿಗೆ 150 ಮಿಗ್ರಾಂ ಒಂದು ತಾಸು, ಎರಡನೇದು 50 ನಾಲ್ಕು ತಾಸು, ಮೂರನೇದು 100 ಹದಿನಾರು ತಾಸು. ನನ್ನ ಹತ್ರ ಇದ್ದಿದ್ದು 5 ಎಂಎಲ್‌ದು ಎರಡೇ ಆಂಪೂಲು. ಮೊದಲ್ನೇದಕ್ಕ 7.5 ಎಂಎಲ್, ಎರಡನೇದಕ್ಕ 2.5, ಅಲ್ಲಿಗೆ ಖಾಲಿ! ಮೂರನೇದಕ್ಕ ಆಂಪೂಲ್ ತರಾಕ ಕೂಸಿನ ಸೋದರಮಾವ ಆ ರಾತ್ರಿಯಾಗೇ ಬೈಕ್ ಹತ್ತಿ ಗಂಗಾವತಿಗೆ ಹೋದ.

ಮೊದಲ್ನೇ ಬ್ಯಾಗಿನಾಗ ಇಪ್ಪತ್ತು ನಿಮಿಷಕ್ಕ ಮೈತುಂಬ ಗಂದಿ ಎದ್ವು, ಮುಖ ಕೆಂಪಾತು. ಡ್ರಿಪ್ ನಿಲ್ಲಿಸಿ ಅಲರ್ಜಿ ಇಂಜೆಕ್ಷನ್ ಕೊಟ್ಟೆ, ಇಳಿದ ಮ್ಯಾಲ ನಿಧಾನಕ್ಕ ಮತ್ತ ಹಚ್ಚಿದೆ. ಇದಕ್ಕ ಹೆದ್ರಿ ಔಷಧಿನೇ ಬಿಟ್ರ ಕೂಸು ಕೈ ಬಿಡ್ತೈತಿ. ವಿಟಮಿನ್ ಕೆ ಕೊಟ್ಟೆ. ಪ್ಲಾಸ್ಮಾ ಹಾಕ್ರಿ ಅಂದ್ರು ಮನೆಯವ್ರು, ರಕ್ತ ಸೋರ್ತಿರ್ಲಿಲ್ಲ, ಹಾಕ್ಲಿಲ್ಲ, ಯಾಕಂದ್ರ ಲಿವರ್ ಹೆಂಗೈತಿ ಅಂತ ಹೇಳೋದೇ ಐಎನ್‌ಆರ್, ಪ್ಲಾಸ್ಮಾ ಹಾಕಿದ್ರ ಆ ನಂಬರ್ ಸುಳ್ಳಾಗ್ತೈತಿ. ಎಷ್ಟು ಚೀರಿದ್ರೂ ನಿದ್ದಿ ಔಷಧಿ ಕೊಡ್ಲಿಲ್ಲ. ತಾಸಿಗೊಮ್ಮೆ ಶುಗರ್, ಮತ್ತ ಸೋಡಿಯಂ ಮ್ಯಾಲ ಕಣ್ಣು, ಇಷ್ಟು ಡೆಕ್ಸ್‌ಟ್ರೋಸ್ ನೀರಿಗೆ ಸೋಡಿಯಂ ಇಳಿದ್ರ ಮಿದುಳು ಬಾತ್ಕೊಳ್ತೈತಿ.

ನಡುವ ಹೈದರಾಬಾದಿನ ಲಿವರ್ ಸೆಂಟರಿಗೆ ಫೋನ್ ಹಚ್ಚಿದೆ, ನಮಗ ಬೆಂಗಳೂರಿಗಿಂತ ಅದೇ ಹತ್ರ. ಬೆಳಗಿನ ಜಾವ ಮೂರನೇ ಬ್ಯಾಗು ಹಚ್ಚಿಕೊಂಡೇ ಆಂಬುಲೆನ್ಸ್ ಬಿಡ್ತು, ನಾನೂ ಜೊತಿಗೆ ಕುಂತಿದ್ದೆ.

ಒಂದು ಮಾತು, ಈ ಔಷಧಿ ಎಲ್ಲಾ ಲಿವರ್ ಫೇಲ್ಯೂರಿಗೂ ಅಲ್ರಿ. ಪ್ಯಾರಾಸಿಟಮಾಲ್ ಅಲ್ದ ಬೇರೆ ಕಾರಣದ್ದು 184 ಮಕ್ಕಳ ಮ್ಯಾಲ ಮಾಡಿದ ಟ್ರಯಲ್ 2013ರಾಗ ಬಂತು, ಫಾಯ್ದಾ ಕಾಣ್ಲಿಲ್ಲ, ಎರಡು ವರ್ಷದೊಳಗಿನವ್ರಿಗೆ ಟ್ರಾನ್ಸ್‌ಪ್ಲಾಂಟ್ ಇಲ್ದ ಉಳಿಯೋದು ಇನ್ನೂ ಕಡಿಮಿ ಆತು. ಅದಕ್ಕ ಹೆಪಟೈಟಿಸ್ ಎ ಮಕ್ಕಳಿಗೆ ನಾ ಸುಮ್ನೆ ಹಚ್ಚೋದಿಲ್ಲ. ಇಲಿ ಪಾಷಾಣದ ಪೇಸ್ಟ್ ತಿಂದು ಬಂದ್ರ ಹಚ್ಚಿ ತಕ್ಷಣ ಕಳಿಸ್ತೀನಿ, ಅದರಾಗಿರೋ ರಂಜಕಕ್ಕ (ಫಾಸ್ಫರಸ್) ಬೇರೆ ಮದ್ದಿಲ್ಲ.

ಆ ಹುಡುಗಿಗೆ ಟ್ರಾನ್ಸ್‌ಪ್ಲಾಂಟ್ ಬೇಕಾಗ್ಲಿಲ್ಲ. ಆರನೇ ದಿನ ಮಾವ ಫೋನ್ ಮಾಡಿದ, ಐಎನ್‌ಆರ್ 1.4 ಅಂತ್ರಿ, ಮಂಡಾಳ ಬೇಕು ಅಂತ ಹಟ ಹಿಡ್ದಾಳ್ರಿ ಅಂದ. ಈಗ ಕಪಾಟಿನಾಗ ಯಾವಾಗ್ಲೂ ಹತ್ತು ಆಂಪೂಲ್ ಇರ್ತಾವ, ಎಕ್ಸ್‌ಪೈರಿ ಆದ್ರ ಬಿಸಾಕಿ ಹೊಸಾವು ತರಸ್ತೀನಿ.